ಎಣಿಸದೆ ಬಿಟ್ಟ ಕುರಿ

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಆ ದಿನ ಬೆಳಿಗ್ಗೆ ಮಂಜು ಬಿದ್ದಿತ್ತು ಎಂದು ನನ್ನ ದಿನಚರಿ ಹೇಳುತ್ತದೆ. ಡ್ರೋನ್ ತೆಗೆದ ಮೊದಲ ಚಿತ್ರಗಳಲ್ಲಿ ಮಾತ್ರ ಬಿಸಿಲು ನಿಚ್ಚಳವಾಗಿದೆ. ದಿನಚರಿ ಬರೆದದ್ದು ಎರಡು ದಿನ ಕಳೆದ ಮೇಲೆ. ಅಷ್ಟರಲ್ಲಿ ನನ್ನ ತಲೆ ಎಲ್ಲಿಂದಲೋ ಮಂಜು ತಂದು ಹೊಲದ ಮೇಲೆ ಹಾಸಿರಬೇಕು. ಆದ್ದರಿಂದ ಚಿತ್ರಗಳಿರುವ ಕಡೆ ಚಿತ್ರಗಳನ್ನೇ ನಂಬಿ ಬರೆಯುತ್ತಿದ್ದೇನೆ. ಚಿತ್ರಗಳಿಲ್ಲದ ಕಡೆ ನನ್ನನ್ನು ನಂಬುವುದು ಬಿಟ್ಟು ಬೇರೆ ದಾರಿಯಿಲ್ಲ, ಮತ್ತು ಮುಖ್ಯವಾದದ್ದು ನಡೆದದ್ದು ಅಲ್ಲಿಯೇ.

ಬೆಳಗಾವಿಯ ಮಹಾಂತೇಶ ನಗರದ ಒಂದು ಶಾಲೆಯ ಎರಡನೇ ಮಹಡಿಯಲ್ಲಿ ನನ್ನ ಕೋಣೆ ಇದೆ. ಮೊದಲು ಅಲ್ಲಿ ವಾರ್ಷಿಕ ಗ್ಯಾದರಿಂಗಿನ ನಾಟಕದ ಪರದೆಗಳನ್ನೂ ಕಾಲು ಮುರಿದ ಬೆಂಚುಗಳನ್ನೂ ಇಡುತ್ತಿದ್ದರು. ಈಗ ಒಂದು ತ್ರೀಡಿ ಪ್ರಿಂಟರ್, ಪ್ಲೈವುಡ್ ಕೊರೆಯುವ ಸಣ್ಣ ಲೇಸರ್ ಯಂತ್ರ, ಬೆಸುಗೆ ಹಾಕುವ ಕಡ್ಡಿಗಳು, ಐದು ಲ್ಯಾಪ್‌ಟಾಪ್, ಅಂಗೈ ಅಗಲದ ಒಂದು ಡ್ರೋನ್ ಇವೆ. ಬಾಗಿಲ ಮೇಲೆ ಮೇಕರ್‌ಸ್ಪೇಸ್ ಎಂಬ ಫಲಕ ಹಾಕಿದ್ದಾರೆ. ಮಕ್ಕಳು ಅದನ್ನು ವರ್ಕ್‌ಶಾಪ್ ಅನ್ನುತ್ತಾರೆ, ಶಾಲೆಯ ಜವಾನ ಗ್ಯಾರೇಜ್ ಅನ್ನುತ್ತಾನೆ. ಧಾರವಾಡದಲ್ಲಿ ಗಣಿತದ ಎಂಎಸ್ಸಿ ಮುಗಿಸಿ ಬಂದ ನಾನು ಅಲ್ಲಿ ಏಳನೇ, ಎಂಟನೇ ತರಗತಿಯವರಿಗೆ ಕೋಡಿಂಗ್ ಕಲಿಸುತ್ತೇನೆ.

ಡ್ರೋನ್ ಬಂದು ಆರು ತಿಂಗಳಾದರೂ ಅದನ್ನು ಕಿಟಕಿಯಿಂದಾಚೆ ಬಿಟ್ಟಿರಲಿಲ್ಲ. ಒಂದು ಕಡೆ ಕ್ಯಾಂಟೋನ್ಮೆಂಟು, ಇನ್ನೊಂದು ಕಡೆ ವಿಮಾನ ನಿಲ್ದಾಣ. ಕೋಟೆಯ ಕಂದಕವನ್ನು ಮೇಲಿನಿಂದ ನೋಡಬೇಕೆಂದು ಒಬ್ಬ ಹಟ ಹಿಡಿದಾಗ, ‘ಮಿಲಿಟ್ರಿಯವ್ರು ನಿನ್ನನ್ನ ಮ್ಯಾಲಿಂದ ನೋಡ್ತಾರ ಅಷ್ಟ’ ಎಂದು ಸುಮ್ಮನಾಗಿಸಿದ್ದೆ. ಹಾಗಾಗಿ ಅದು ಕೋಣೆಯೊಳಗೇ ಬೆಂಚಿನಿಂದ ಬೆಂಚಿಗೆ ಹಾರಿಕೊಂಡಿತ್ತು. ಮುಖ್ಯೋಪಾಧ್ಯಾಯಿನಿಯವರಿಗೆ ಕೋಡಿಂಗೂ ಆಗಬೇಕಿತ್ತು, ಪರಿಸರ ಪಾಠವೂ ಆಗಬೇಕಿತ್ತು. ಆಗ ನನಗೆ ಖಾನಾಪುರದ ಕಡೆ ಇರುವ ಅತ್ತಿಯ ಊರು ನೆನಪಾಯಿತು. ಅತ್ತಿ ಎಂದರೆ ನನ್ನ ಅಪ್ಪನ ಅಕ್ಕ. ಅಪ್ಪ ನೌಕರಿ ಹಿಡಿದು ಬೆಳಗಾವಿಗೆ ಬಂದ. ಅತ್ತಿ ಕುರಿಗಳ ಜೊತೆ ಅಲ್ಲಿಯೇ ಉಳಿದಳು. ಅವಳ ಹೊಲದ ಒಂದು ಮಗ್ಗುಲಿಗೆ ಜೋಳ, ಇನ್ನೊಂದು ಮಗ್ಗುಲಿಗೆ ಕಾಡು.

ಯೋಜನೆ ಸರಳವಾಗಿತ್ತು. ಡ್ರೋನ್ ಹೊಲದ ಮೇಲೆ ಹೋಗಿ ಚಿತ್ರ ತೆಗೆಯಬೇಕು, ಮಕ್ಕಳು ಬರೆದ ಪ್ರೋಗ್ರಾಂ ಆ ಚಿತ್ರದಲ್ಲಿ ಕುರಿಗಳೆಷ್ಟಿವೆ ಎಂದು ಎಣಿಸಬೇಕು. ಅತ್ತಿಯ ಕುರಿಗಳು ಕಪ್ಪು, ಒಣಗಿದ ಹುಲ್ಲು ಹಳದಿ. ಹಳದಿಯ ಮೇಲೆ ಎಷ್ಟು ಕಪ್ಪು ಮಚ್ಚೆ ಇವೆಯೋ ಅಷ್ಟು ಕುರಿ. ನಾವು ಒಂದು ತಿಂಗಳು ಇದನ್ನು ಗುರೆಳ್ಳಿನ, ಅಂದರೆ ಹುಚ್ಚೆಳ್ಳಿನ, ಕಪ್ಪು ಕಾಳುಗಳ ಮೇಲೆ ಅಭ್ಯಾಸ ಮಾಡಿದೆವು. ನಮ್ಮ ಅವ್ವನ ಡಬ್ಬಿಯಿಂದ ಒಂದು ಚಿಟಿಕೆ ಗುರೆಳ್ಳು ತಂದು ಬಿಳಿ ಹಾಳೆಯ ಮೇಲೆ ಚೆಲ್ಲಿ, ಫೋಟೊ ತೆಗೆದು, ಯಂತ್ರ ಹೇಳಿದ ಸಂಖ್ಯೆಯನ್ನು ಕೈಯಿಂದ ಎಣಿಸಿ ತಾಳೆ ನೋಡುತ್ತಿದ್ದೆವು. ಮೊದಮೊದಲು ತಪ್ಪುತ್ತಿತ್ತು. ಎರಡು ಕಾಳು ಅಂಟಿಕೊಂಡರೆ ಒಂದೆನ್ನುತ್ತಿತ್ತು. ಎರಡು ಜಡೆ ಹಾಕಿಕೊಂಡು ಬರುವ ಒಬ್ಬ ಹುಡುಗಿ ಅದನ್ನು ಸರಿಪಡಿಸಿದಳು. ತರಗತಿಯಲ್ಲಿ ಅವಳೇ ಚುರುಕು, ಮಾತು ಕಡಿಮೆ. ಆಮೇಲೆ ಅದು ತಪ್ಪಲಿಲ್ಲ. ಆ ಪ್ರೋಗ್ರಾಮಿನ ಮೇಲೆ ನಮಗೆಲ್ಲ ಎಂಥ ವಿಶ್ವಾಸ ಬಂದಿತ್ತೆಂದರೆ, ಹಾಳೆಯನ್ನು ಮತ್ತೆ ಕೈಯಿಂದ ಎಣಿಸುವುದನ್ನೇ ಬಿಟ್ಟಿದ್ದೆವು.

ಡ್ರೋನ್ ಇಳಿಯಲು ಒಂದು ಗುರುತು ಬೇಕಿತ್ತು. ರವಿವಾರ ಪೇಟೆಯಿಂದ ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ತಾಡಪತ್ರಿ ತಂದು ದುಂಡಗೆ ಕತ್ತರಿಸಿ ಚಾಪೆ ಮಾಡಿದೆವು. ಚಾಪೆಯ ಜವಾಬ್ದಾರಿ ಎರಡು ಜಡೆಯವಳದು. ಖಾನಾಪುರದಲ್ಲಿ ಅರಣ್ಯ ಇಲಾಖೆಯವರನ್ನು ಕೇಳಿದಾಗ, ಹೊಲದ ಮೇಲೆ ಹಾರಿಸಿಕೊಳ್ಳಿ, ಕಾಡಿನ ಅಂಚು ದಾಟಬೇಡಿ ಎಂದರು.

ಹೊರಡುವ ದಿನ ಶಾಲೆಯ ಮುಂದೆ ಟೆಂಪೊ ನಿಂತಿತ್ತು. ಮಕ್ಕಳು ಹತ್ತುವಾಗ ನಾನು ಬಾಗಿಲಲ್ಲಿ ನಿಂತು ಒಬ್ಬೊಬ್ಬರ ತಲೆ ಮುಟ್ಟಿ ಎಣಿಸಿದೆ. ಇಪ್ಪತ್ತೆರಡು. ಅಂಗೈ ಮೇಲೆ ಪೆನ್ನಿನಿಂದ ಬರೆದುಕೊಂಡೆ. ಹಾಜರಿ ಕರೆಯಲಿಲ್ಲ. ಯಾಕೆ ಕರೆಯಲಿಲ್ಲ ಎಂದು ಆಮೇಲೆ ಬಹಳ ಜನ ಕೇಳಿದರು. ತಡವಾಗಿತ್ತು ಎಂದು ಹೇಳಿದ್ದೇನೆ. ತಡವಾಗಿರಲಿಲ್ಲ.

ಅತ್ತಿ ಹೊಲದ ಬದುವಿನ ಮೇಲೆ ಕಂಬಳಿ ಹಾಸಿಕೊಂಡು ಕೂತಿದ್ದಳು. ನಾನು ಪೆಟ್ಟಿಗೆಯಿಂದ ಡ್ರೋನ್ ತೆಗೆಯುವುದನ್ನು ಕಣ್ಣು ಕಿರಿದು ಮಾಡಿ ನೋಡಿದಳು.

‘ಇದೇನಬೇ, ಕಣಜದ ಹುಳ ತಂದೀ? ಕಡೀತೈತೇನ?’

‘ಇಲ್ಲ ಆಯಿ, ಫೋಟೊ ತಗೀತೈತಿ’ ಎಂದ ಒಬ್ಬ ಹುಡುಗ.

‘ನಂದ ತಗೀಬ್ಯಾಡ್ರಿ. ಕುರೀದ ತಗೀರಿ. ನನಕಿಂತ ಅವ ಚೆಂದ ಅದಾವ.’

ಮಕ್ಕಳು ನಕ್ಕರು. ಅತ್ತಿಯೂ ನಕ್ಕಳು. ಅವಳ ನಗು ಮೊದಲಿನ ಹಾಗೆಯೇ ಇತ್ತು, ಬಾಯಿ ಮುಚ್ಚಿಕೊಂಡು, ಭುಜ ಅಲ್ಲಾಡಿಸಿ.

ಡ್ರೋನ್ ಎದ್ದಾಗ ಕುರಿಗಳು ಬೆದರಬಾರದೆಂದು ನಾವು ಬಹಳ ದೂರದಿಂದ, ಬಹಳ ಎತ್ತರಕ್ಕೆ ಏರಿಸಿದೆವು. ಅವು ಬೆದರಲಿಲ್ಲ. ಆದರೆ ಸದ್ದು ಕೇಳಿದ ಕೂಡಲೇ ಮೇಯುವುದನ್ನು ನಿಲ್ಲಿಸಿ ಎಲ್ಲವೂ ಒಂದೇ ಕಡೆ ಮುಖ ಮಾಡಿ ನಿಂತವು. ಸದ್ದು ಬರುತ್ತಿದ್ದ ಆಕಾಶದ ಕಡೆಗಲ್ಲ, ಕಾಡಿನ ಕಡೆಗೆ. ಕುರಿಗಳು ಗಾಬರಿಯಾದಾಗ ಯಾವಾಗಲೂ ಅಪಾಯ ಬಂದ ದಿಕ್ಕಿಗೇ ನೋಡುತ್ತವೆ, ಮೇಲಿನಿಂದ ಅವಕ್ಕೆ ಅಪಾಯ ಬಂದದ್ದೇ ಇಲ್ಲವಲ್ಲ ಎಂದು ಮಕ್ಕಳಿಗೆ ವಿವರಿಸಿದೆ. ವಿವರಣೆ ಸರಿಯೆಂದು ಈಗಲೂ ಅನ್ನಿಸುತ್ತದೆ.

ಲ್ಯಾಪ್‌ಟಾಪಿನ ಮೇಲೆ ಸಂಖ್ಯೆ ಬಂತು: ನಲವತ್ತೊಂದು. ಸುತ್ತ ನಿಂತವರು ಚಪ್ಪಾಳೆ ತಟ್ಟಿದರು. ಒಂದು ಗಂಟೆ ಬಿಟ್ಟು ಮತ್ತೆ ಹಾರಿಸಿದೆವು. ನಲವತ್ತೊಂದು.

ಮಧ್ಯಾಹ್ನ ಕುರಿಗಳನ್ನು ನೀರಿಗೆ ಬಿಡುವ ಹೊತ್ತು. ಹೊಲದ ಬೇಲಿಯಲ್ಲಿ ಒಂದೇ ಕುರಿ ದಾಟುವಷ್ಟು ಕಿಂಡಿ ಇದೆ. ಅತ್ತಿ ಅಲ್ಲಿ ನಿಂತು, ದಾಟುವ ಕುರಿಯ ಬೆನ್ನನ್ನು ಎಡಗೈಯಿಂದ ಮುಟ್ಟುತ್ತ, ತುಟಿಯಲ್ಲೇ ಎಣಿಸುತ್ತಾಳೆ. ಇಪ್ಪತ್ತಾದಾಗ ಬಲಗೈಯ ಒಂದು ಬೆರಳು ಮಡಚುತ್ತಾಳೆ. ಮಕ್ಕಳು ಸಾಲಾಗಿ ಕೂತು ನೋಡಿದರು. ತಮ್ಮ ಉತ್ತರ ಸರಿ ಬರುವುದನ್ನು ಕೇಳಲು ಕಾದು ಕೂತಿದ್ದರು.

ಕೊನೆಯ ಕುರಿ ದಾಟಿತು.

‘ಎರಡ ಇಪ್ಪತ್ತ. ಅಷ್ಟ’ ಎಂದಳು ಅತ್ತಿ.

‘ಅಂದ್ರ ನಲವತ್ತು’ ಎಂದಳು ಎರಡು ಜಡೆಯವಳು. ‘ಆಯಿ, ಒಂದ ತಪ್ಪೈತ್ರಿ. ನಲವತ್ತೊಂದ ಅದಾವು.’

‘ನಲವತ್ತ ಅದಾವ ನನ ಕೂಸ.’

‘ಮತ್ತೊಮ್ಮೆ ಎಣಸ್ರಲಾ.’

‘ಐವತ್ತ ವರ್ಷ ಎಣಸೇನಿ. ನಿಮ್ಮ ಕಣಜಕ್ಕ ನಿನ್ನೆ ಮೊನ್ನೆ ಕಣ್ಣ ಬಂದಾವ.’

ಹುಡುಗಿ ನನ್ನತ್ತ ನೋಡಿದಳು. ಕಲ್ಲನ್ನೋ ನೆರಳನ್ನೋ ಯಂತ್ರ ಕುರಿ ಎಂದುಕೊಂಡಿರಬಹುದು, ಹುಡುಕಿ ಎಂದೆ. ಅವರು ಚಿತ್ರ ಹಿಗ್ಗಿಸಿ ಪರದೆಯ ಮೇಲೆ ಬೆರಳಿಟ್ಟು ಒಂದೊಂದಾಗಿ ಎಣಿಸಿದರು. ಪ್ರತಿಯೊಂದಕ್ಕೂ ತಲೆಯಿತ್ತು, ಬಾಲವಿತ್ತು. ನಲವತ್ತೊಂದು.

ನಾನು ನೀರು ಕುಡಿಯುವ ನೆಪದಲ್ಲಿ ಮನೆಯ ಕಡೆ ಹೋದೆ. ಅಡುಗೆಮನೆಯಲ್ಲಿ ಅತ್ತಿಯ ಸೊಸೆ ಮಕ್ಕಳಿಗೆಂದು ಮಜ್ಜಿಗೆ ಕಡೆಯುತ್ತಿದ್ದಳು. ನಾನು ಅವಳನ್ನು ವೈನಿ ಎಂದು ಕರೆಯುತ್ತೇನೆ. ಅತ್ತಿಯ ಕಣ್ಣು ಮಂಜಾಗಿದೆಯೇ, ಡಾಕ್ಟರಿಗೆ ತೋರಿಸಿದಿರಾ ಎಂದು ಕೇಳಿದೆ.

ವೈನಿ ಕಡೆಯುವುದನ್ನು ನಿಲ್ಲಿಸಿದಳು. ‘ಕಣ್ಣ ಬರೋಬ್ಬರಿ ಅದಾವ. ಒಂದನ್ನ ಬೇಕಂತನ ಬಿಡ್ತಾರು. ನಿಮಗ ಗೊತ್ತಿಲ್ಲೇನ? ನಿಮ್ಮ ಮನೆತನದಾಗಿಂದ ಬಂದದ್ದ ಅದು.’

‘ಯಾಕ ಬಿಡ್ತಾಳು?’

‘ಎಣಿಸಿದ್ದ ನಮ್ಮದು. ಎಣಿಸದ್ದ ಅಡವೀದು. ಅಡವಿ ಒಂದ ತಗೊಂಡ ಹೋದ್ರ, ಅದರದ್ದ ಅದು ತಗೊಂಡ ಹೋದಂಗ. ನಮ್ಮದೇನ ಹೋಗಲಿಲ್ಲ.’

‘ಯಾವ ಕುರಿ ಅದು?’

‘ಖರೇ ಹೇಳತೇನಿ, ನಮಗ್ಯಾರಿಗೂ ಗೊತ್ತಿಲ್ಲ. ಅವರಿಗೊಬ್ಬರಿಗ ಗೊತ್ತು. ಅದಕ್ಕ ಗಂಟಿ ಕಟ್ಟೂದಿಲ್ಲ, ಉಣ್ಣಿ ಕತ್ತರಸೂದಿಲ್ಲ. ನೀವ ಕೇಳಬ್ಯಾಡ್ರಿ ಮತ್ತ.’

ಈ ರೂಢಿ ಊರಿನ ಬೇರೆ ಮನೆಗಳಲ್ಲಿ ಇದೆಯೋ ಇಲ್ಲವೋ ತಿಳಿಯದು. ದೃಷ್ಟಿ ತಾಗಬಾರದೆಂದು ಒಂದನ್ನು ಬಿಟ್ಟು ಹೇಳುವವರನ್ನು ಬೇರೆ ಕಡೆ ಕಂಡಿದ್ದೇನೆ, ಅದರಲ್ಲಿ ವಿಚಿತ್ರವೇನೂ ಇಲ್ಲ. ನನ್ನನ್ನು ಅಲ್ಲೇ ನಿಲ್ಲಿಸಿದ್ದು ಬೇರೆ. ವೈನಿ ಮಾತಾಡುತ್ತಿರುವಾಗಲೇ ನನ್ನ ನೆತ್ತಿಯ ಮೇಲೆ ಗಾಳಿ ಆಡಿದ ಹಾಗಾಯಿತು, ಮುಟ್ಟಲು ಬಂದ ಕೈ ಮುಟ್ಟದೆ ಹೋದ ಹಾಗೆ.

ಚಿಕ್ಕವರಿದ್ದಾಗ ಬೇಸಿಗೆಯಲ್ಲಿ ನಾವು ಅಲ್ಲಿಗೆ ಹೋಗುತ್ತಿದ್ದೆವು. ನಾನು, ನನ್ನ ಅಣ್ಣ, ಅತ್ತಿಯ ಇಬ್ಬರು ಗಂಡುಮಕ್ಕಳು, ಚಿಕ್ಕಪ್ಪನ ಇಬ್ಬರು ಹೆಣ್ಣುಮಕ್ಕಳು. ಒಟ್ಟು ಆರು ಜನ. ಕವಳಿಹಣ್ಣು ಕೀಳಲು ಕಾಡಿನ ಅಂಚಿಗೆ ಹೋಗಿ ಮರಳಿ ಬಂದಾಗ ಅತ್ತಿ ಹೊಸ್ತಿಲಲ್ಲಿ ನಿಂತು ಒಬ್ಬೊಬ್ಬರ ತಲೆ ಮುಟ್ಟಿ ಒಳಗೆ ಬಿಡುತ್ತಿದ್ದಳು. ಕೊನೆಗೆ ‘ಐದು’ ಎಂದು ಹೇಳಿ ಬಾಗಿಲು ಮುಂದೆ ಮಾಡುತ್ತಿದ್ದಳು. ಐದು ಎಂಬ ಆ ಮಾತು ನನ್ನ ಕಿವಿಯಲ್ಲಿ ಸ್ಪಷ್ಟವಾಗಿದೆ. ಆದರೆ ಅದು ವೈನಿ ಹೇಳುವ ಮೊದಲೂ ಅಲ್ಲಿತ್ತೋ, ಅವಳು ಹೇಳಿದ ಮೇಲೆ ನಾನು ಹುಟ್ಟಿಸಿಕೊಂಡೆನೋ, ಪ್ರಮಾಣ ಮಾಡಿ ಹೇಳಲಾರೆ.

ಇನ್ನೊಂದು ನೆನಪು ಮಾತ್ರ ಹಳೆಯದು. ಅದರ ಬಗ್ಗೆ ಕಾಲೇಜಿನ ದಿನಗಳಲ್ಲೇ ಬರೆದಿಟ್ಟಿದ್ದೇನೆ. ನಾನು ಹೊಲದ ತುದಿಯಲ್ಲಿ ಕೂತಿದ್ದೇನೆ, ಉಳಿದವರು ಮನೆಯ ಕಡೆ ನಡೆಯುತ್ತಿದ್ದಾರೆ. ಬಿಸಿಲಿದೆ. ಬಾಗಿಲಲ್ಲಿ ಅತ್ತಿ ನಿಂತಿದ್ದಾಳೆ, ನಾನು ಅವಳಿಗೆ ಕಾಣುತ್ತಿದ್ದೇನೆ. ಅವಳು ಕರೆಯುವುದಿಲ್ಲ. ಬಾಗಿಲು ಮುಂದೆ ಮಾಡುತ್ತಾಳೆ. ನನ್ನ ಹಿಂದೆ ಕಾಡಿನಲ್ಲಿ ಸದ್ದಿಲ್ಲ, ಹಕ್ಕಿಯ ಸದ್ದೂ ಇಲ್ಲ. ಅವ್ವನನ್ನು ಕೇಳಿದರೆ, ನೀನು ಕುರಿಹಟ್ಟಿಯಲ್ಲಿ ಮಲಗಿಬಿಟ್ಟಿದ್ದೆ, ಅರ್ಧ ಗಂಟೆ ಹುಡುಕಿದೆವು, ಕನಸು ಕಂಡಿದ್ದೀ ಎನ್ನುತ್ತಾಳೆ. ಅವಳ ಮಾತು ನಿಜವಿರಬಹುದು. ಕನಸಿನಲ್ಲಿ ನನ್ನ ನೆರಳು ಅಷ್ಟು ನಿಧಾನವಾಗಿ ಉದ್ದವಾಗುತ್ತಿತ್ತೇ ಎಂದು ಮಾತ್ರ ಯೋಚಿಸುತ್ತೇನೆ.

ನನಗೆ ಎಣ್ಣೆ ಹಚ್ಚಿ ಎರೆದವಳು ಅತ್ತಿ. ಜ್ವರ ಬಂದರೆ ಕಂಬಳಿಯಲ್ಲಿ ಸುತ್ತಿ ಎದೆಯ ಮೇಲೆ ಮಲಗಿಸಿಕೊಂಡವಳು ಅವಳು. ಮನೆಯಲ್ಲಿ ಎಲ್ಲರಿಗಿಂತ ನನ್ನ ಮೇಲೆ ಜೀವ ಎಂದು ಊರೇ ಹೇಳುತ್ತಿತ್ತು. ಆ ಅಡುಗೆಮನೆಯಲ್ಲಿ ನಿಂತು, ಅಷ್ಟು ಜೀವ ಯಾಕಿತ್ತು ಎಂದು ನಾನು ಮೊದಲ ಸಲ ಕೇಳಿಕೊಂಡೆ. ಆರರಲ್ಲಿ ಅವಳು ಕಳೆದುಕೊಳ್ಳಲು ತಯಾರಾಗಿದ್ದದ್ದು ನನ್ನನ್ನೇ? ಆ ದಿನದಿಂದ ನನಗೆ ತಿಳಿಯಬೇಕಾಗಿರುವುದು ಇದೊಂದೇ.

ಹೊಲಕ್ಕೆ ಮರಳಿದಾಗ ಮಕ್ಕಳು ಹೊಸದೊಂದನ್ನು ಕಂಡುಹಿಡಿದಿದ್ದರು. ಎರಡು ಜಡೆಯವಳು ಬೆಳಗಿನಿಂದ ತೆಗೆದ ಎಲ್ಲ ಚಿತ್ರಗಳನ್ನೂ ಒಂದರ ಮೇಲೊಂದು ಇಟ್ಟು, ಪ್ರತಿ ಕುರಿ ಇದ್ದ ಜಾಗಕ್ಕೆ ಚುಕ್ಕೆ ಹಾಕುವ ಹಾಗೆ ಪ್ರೋಗ್ರಾಂ ತಿದ್ದಿದ್ದಳು. ಹೊಲದ ನಡುವೆ ಚುಕ್ಕೆಗಳ ದಟ್ಟ ಗುಂಪು. ಕಾಡಿನ ಅಂಚಿನಲ್ಲಿ, ಎಲ್ಲದರಿಂದ ದೂರ, ಒಂದು ಸಣ್ಣ ಸಾಲು. ಪ್ರತಿ ಚಿತ್ರದಲ್ಲೂ ಒಂದೇ ಒಂದು ಕುರಿ ಅಲ್ಲಿ ಇತ್ತು. ಒಂದು ಚಿತ್ರದಲ್ಲಿ ಅದರ ಅರ್ಧ ಮೈ ಮಾತ್ರ ಕಾಣುತ್ತಿತ್ತು, ಉಳಿದರ್ಧ ನಾವು ಡ್ರೋನಿಗೆ ಹಾಕಿದ ಗಡಿಯ ಆಚೆ ಇತ್ತು.

‘ಒಂದ ಕುರಿನೋ, ಬ್ಯಾರೆ ಬ್ಯಾರೆನೋ?’ ಎಂದು ಕೇಳಿದೆ.

‘ಗೊತ್ತಾಗೂದಿಲ್ಲ ಟೀಚರ್. ಮ್ಯಾಲಿಂದ ಎಲ್ಲಾ ಒಂದ ಥರ ಕಾಣ್ತಾವ.’

ಯಾವ ಹಿಂಡಿನಲ್ಲಾದರೂ ಒಂದು ಅಂಚಿಗೆ ಇರಲೇಬೇಕು. ಗುಂಪೆಂದರೆ ಅದಕ್ಕೊಂದು ತುದಿ ಇದ್ದೇ ಇರುತ್ತದೆ. ಇದನ್ನೇ ಅವರಿಗೆ ಹೇಳಿದೆ. ಕುರಿಗಳು ಗುಂಪಾಗಿ ಯಾಕೆ ಮೇಯುತ್ತವೆ, ಹೊರಗಿನ ಸುತ್ತಿನವು ಒಳಗಿನವನ್ನು ಹೇಗೆ ಕಾಯುತ್ತವೆ ಎಂದು ಒಳ್ಳೆಯ ಪಾಠವೇ ಆಯಿತು. ಎರಡು ಜಡೆಯವಳು ಮಾತ್ರ ನೋಟ್‌ಬುಕ್ ಮುಚ್ಚಿಟ್ಟು ಅಂಚಿನ ಕಡೆಯೇ ನೋಡುತ್ತ ಕೂತಿದ್ದಳು.

‘ಏನಾತು?’ ಎಂದೆ.

‘ಅದಕ್ಕ ಗೊತ್ತೈತೇನ್ರಿ ಟೀಚರ್?’

‘ಏನ ಗೊತ್ತಿರಬೇಕು?’

‘ಆಯಿ ಅದನ್ನ ಎಣಸಿಲ್ಲ ಅನ್ನೂದು.’

ಒಂದನ್ನು ಬಿಟ್ಟು ಎಣಿಸುವ ವಿಷಯವನ್ನು ನಾನು ಮಕ್ಕಳಿಗೆ ಹೇಳಿರಲಿಲ್ಲ. ಕಿಂಡಿಯ ಬಳಿ ಕೂತು ಅವಳೇ ಗಮನಿಸಿರಬೇಕು. ಅತ್ತಿಯ ಕೈ ಒಂದು ಬೆನ್ನಿನ ಮೇಲೆ ಇಳಿಯದೆ ಹಿಂದೆ ಹೋದದ್ದು ಅವಳಿಗೆ ಕಂಡಿರಬೇಕು. ನನಗೆ ಕಂಡಿರಲಿಲ್ಲ.

ನಾಲ್ಕು ಗಂಟೆಗೆ ಹೊರಟೆವು. ಟೆಂಪೊದ ಬಾಗಿಲಲ್ಲಿ ನಿಂತು ಬೆಳಗಿನ ಹಾಗೆಯೇ ತಲೆ ಮುಟ್ಟಿ ಎಣಿಸಿದೆ. ಇಪ್ಪತ್ತೆರಡು. ಅಂಗೈ ನೋಡಿಕೊಂಡೆ, ಇಪ್ಪತ್ತೆರಡು.

‘ಬರೋಬ್ಬರಿ ಅದಾರಿಲ್ರಿ ಮೇಡಂ?’ ಎಂದ ಡ್ರೈವರ್.

‘ಬರೋಬ್ಬರಿ ಅದಾರ. ಹೋಗೂಣು.’

ಮಣ್ಣಿನ ದಾರಿ ಮುಗಿದು ಡಾಂಬರು ರಸ್ತೆ ಬಂದಿತ್ತು. ಹಿಂದಿನ ಸೀಟಿನಿಂದ ಯಾರೋ, ಚಾಪೆ ಎಲ್ಲಿ ಎಂದು ಕೇಳಿದರು. ಚಾಪೆ ಎರಡು ಜಡೆಯವಳ ಹತ್ತಿರ ಇದೆ ಎಂದರು ಇನ್ನೊಬ್ಬರು. ಅವಳೆಲ್ಲಿ? ಯಾವ ಸೀಟಿನಲ್ಲೂ ಇರಲಿಲ್ಲ.

ಗಾಡಿ ತಿರುಗಿಸಿ ಮುಟ್ಟುವವರೆಗಿನ ದಾರಿಯ ಬಗ್ಗೆ ನನಗೆ ಏನೂ ನೆನಪಿಲ್ಲ. ಹತ್ತು ನಿಮಿಷವೆಂದು ಡ್ರೈವರ್ ಹೇಳಿದ. ಅಂಗೈಯನ್ನು ಸೀರೆಗೆ ತಿಕ್ಕುತ್ತಲೇ ಇದ್ದೆನಂತೆ.

ಅವಳು ಹೊಲದ ತುದಿಯಲ್ಲಿ ನಿಂತಿದ್ದಳು. ಕಿತ್ತಳೆ ಚಾಪೆಯನ್ನು ಮಡಚಿ ಕಂಕುಳಲ್ಲಿ ಹಿಡಿದಿದ್ದಳು, ಮುಖ ಕಾಡಿನ ಕಡೆಗಿತ್ತು. ಅವಳಿಂದ ಇಪ್ಪತ್ತು ಮಾರು ದೂರದಲ್ಲಿ ಅತ್ತಿ ನಿಂತಿದ್ದಳು. ಹತ್ತಿರ ಹೋಗಿರಲಿಲ್ಲ, ಮಾತಾಡಿಸಿರಲಿಲ್ಲ, ಬಿಟ್ಟೂ ಹೋಗಿರಲಿಲ್ಲ. ಸುತ್ತ ಒಂದೂ ಸದ್ದಿರಲಿಲ್ಲ. ಅಥವಾ ಇತ್ತೋ ಏನೋ, ಆ ನಿಶ್ಶಬ್ದವನ್ನು ನಾನು ನನ್ನ ಹಳೆಯ ನೆನಪಿನಿಂದ ತಂದು ಇಲ್ಲಿ ಹಾಕುತ್ತಿದ್ದೇನೋ.

ನಾನು ಓಡಿಹೋಗಿ ಹುಡುಗಿಯ ಎರಡೂ ತೋಳು ಹಿಡಿದೆ. ಅವಳು ಅಳುತ್ತಿರಲಿಲ್ಲ.

‘ಗಾಡಿ ಹತ್ತೂ ಮುಂದ ಎಲ್ಲಿ ಹೋಗಿದ್ದಿ? ನಾ ಎಣಸುವಾಗ ಎಲ್ಲಿದ್ದಿ?’

‘ಅಲ್ಲೇ ಇದ್ನಿರಿ. ನಿಮ್ಮ ಮುಂದ.’

‘ಇದ್ದರ ನಾ ಮುಟ್ಟತಿದ್ದೆ.’

‘ಕೈ ತಂದ್ರಿ ಟೀಚರ್. ನನ್ನ ತಲಿ ತನಾ ತಂದ್ರಿ. ಆಮ್ಯಾಲ ಹಿಂದ ತಗೊಂಡ್ರಿ. ನನಗ ಏನೋ ಹೇಳ್ತೀರಿ ಅಂದಕೊಂಡ ನಿಂತೆ. ನೀವ ಮುಂದಿನವ್ರನ್ನ ಎಣಸಿದ್ರಿ. ಚಾಪಿ ಬಿಟ್ಟೇನಿ, ಅದಕ್ಕ ಇರಬೇಕಂತ ತರಾಕ ಹೋದೆ.’

ಇದನ್ನು ಅವಳು ದೂರಿನ ಧ್ವನಿಯಲ್ಲಿ ಹೇಳಲಿಲ್ಲ. ಗುರೆಳ್ಳಿನ ಹಾಳೆ ಓದುವಾಗ ಹೇಗೆ ಹೇಳುತ್ತಿದ್ದಳೋ ಹಾಗೆಯೇ, ಕಂಡದ್ದನ್ನು ಕಂಡ ಹಾಗೆ ಹೇಳಿದಳು. ನಾನು ನನ್ನ ಕೈ ನೋಡಿಕೊಂಡೆ. ಆ ಕೈ ಹಿಂದೆ ಹೋದದ್ದು ನನಗೆ ಗೊತ್ತಿಲ್ಲ. ಒಂದಿಷ್ಟೂ ಗೊತ್ತಿಲ್ಲ.

ಅತ್ತಿ ಅಷ್ಟರಲ್ಲಿ ಹತ್ತಿರ ಬಂದಿದ್ದಳು. ಹುಡುಗಿಯನ್ನು ನೋಡಲಿಲ್ಲ, ನನ್ನನ್ನು ನೋಡಿದಳು.

‘ನಿನಗೂ ಬಂತಲ್ಲಬೇ’ ಎಂದಳು.

ಅದರಲ್ಲಿ ದುಃಖವಿತ್ತೋ ಸಮಾಧಾನವಿತ್ತೋ ನನಗೆ ತಿಳಿಯಲಿಲ್ಲ. ಮಕ್ಕಳೆಲ್ಲ ಟೆಂಪೊದಿಂದ ಇಣುಕಿ ನೋಡುತ್ತಿದ್ದರು, ಮಾತಾಡುವ ಸಮಯವಾಗಿರಲಿಲ್ಲ.

ಸೋಮವಾರ ಮುಖ್ಯೋಪಾಧ್ಯಾಯಿನಿಯವರ ಮುಂದೆ ನಿಂತು ನಡೆದದ್ದನ್ನು ಹೇಳಿದೆ. ಕೈಯ ವಿಷಯ ಹೇಳಲಿಲ್ಲ, ಎಣಿಕೆ ತಪ್ಪಿತು ಎಂದೆ. ಅವರು ತಂದೆತಾಯಿಗಳ ಒಪ್ಪಿಗೆ ಪತ್ರಗಳ ಕಡತ ತೆಗೆಸಿದರು. ಇಪ್ಪತ್ತಮೂರು ಪತ್ರಗಳಿದ್ದವು. ಅಂದರೆ ಬೆಳಿಗ್ಗೆಯೂ ನಾನು ಒಬ್ಬರನ್ನು ಬಿಟ್ಟು ಎಣಿಸಿದ್ದೆ. ಬೆಳಿಗ್ಗೆ ಬಿಟ್ಟದ್ದು ಯಾರನ್ನು? ಅವಳನ್ನೇ ಇರಬಹುದು, ಬೇರೆಯವರೂ ಇರಬಹುದು. ಅದನ್ನು ತಿಳಿಯುವ ದಾರಿಯಿಲ್ಲ.

‘ನೀವ ಗಣಿತದವ್ರು’ ಎಂದರು ಅವರು. ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು.

ಹುಡುಗಿಯ ತಾಯಿ ಬಂದರು. ಅವರ ಮುಂದೆ ಕೈ ಮುಗಿದೆ. ‘ನಮ್ಮಾಕಿದೂ ತಪ್ಪೈತ್ರಿ, ಹೇಳದಽ ಹೋಗಬಾರದಿತ್ತು’ ಎಂದರು ಆ ಪುಣ್ಯಾತ್ಮರು. ಅಂದಿನಿಂದ ಎಲ್ಲಿಗೆ ಹೋದರೂ ಮಕ್ಕಳು ತಮ್ಮ ತಮ್ಮ ಸಂಖ್ಯೆಯನ್ನು ತಾವೇ ಕೂಗುತ್ತಾರೆ, ಇನ್ನೊಬ್ಬ ಶಿಕ್ಷಕರು ಬರೆದುಕೊಳ್ಳುತ್ತಾರೆ. ನಾನು ಕೈ ಕಟ್ಟಿಕೊಂಡು ನಿಲ್ಲುತ್ತೇನೆ.

ಆ ವಾರ ಅಣ್ಣನಿಗೆ ಫೋನ್ ಮಾಡಿದೆ. ಚಿಕ್ಕವರಿದ್ದಾಗ ಅತ್ತಿಯ ಮನೆಯಲ್ಲಿ ನಾವು ಎಷ್ಟು ಜನ ಇರುತ್ತಿದ್ದೆವು ಎಂದು ಕೇಳಿದೆ.

‘ಐದು’ ಎಂದ, ಯೋಚಿಸದೆ.

‘ಯಾರ್ಯಾರು ಹೇಳು ನೋಡೂಣು.’

‘ನೀನು. ಅತ್ತಿ ಮಕ್ಕಳಿಬ್ಬರು. ಕಾಕಾನ ಹುಡಿಗ್ಯಾರಿಬ್ಬರು. ಐದಽ ಆತಲ್ಲ?’

‘ಮತ್ತ ನೀ ಎಲ್ಲಿದ್ದಿ?’

ಅವನು ಬಾಯಲ್ಲೇ ಮತ್ತೊಮ್ಮೆ ಎಣಿಸಿದ. ಆಮೇಲೆ ಜೋರಾಗಿ ನಕ್ಕು, ‘ಹೌದಲಾ, ನಾನೂ ಇದ್ನಲ್ಲಾ’ ಎಂದ. ತನ್ನನ್ನು ತಾನು ಎಣಿಸಲು ಮರೆಯುವುದು ಯಾರಿಗಾದರೂ ಆಗುವಂಥದ್ದೇ. ಅತ್ತಿಯ ಬಾಯಿಂದ ನಾನು ಕೇಳಿದ ಐದು ಕೂಡ ಹೀಗೆಯೇ ಹುಟ್ಟಿದ್ದಿರಬಹುದು. ನಾನೇ ನನ್ನನ್ನು ಬಿಟ್ಟು ಎಣಿಸಿ, ಆ ಸಂಖ್ಯೆಯನ್ನು ಅವಳ ಬಾಯಿಗೆ ಹಾಕಿರಬಹುದು. ಹೀಗೆ ಯೋಚಿಸಿದಾಗ ಒಂದೆರಡು ದಿನ ಸಮಾಧಾನವಾಯಿತು.

ಮೂರನೇ ದಿನ ವೈನಿಯ ಫೋನ್ ಬಂತು. ಹಟ್ಟಿಯ ಮುಳ್ಳುಬೇಲಿ ಒಂದು ಕಡೆ ಕಿತ್ತಿತ್ತಂತೆ, ಕೆಸರಿನಲ್ಲಿ ಚಿರತೆಯ ಹೆಜ್ಜೆ ಇದ್ದವಂತೆ. ಒಂದು ಕುರಿ ಇಲ್ಲ. ‘ಅತ್ತಿಯವರನ್ನ ಕೇಳಿದ್ರ, ಎರಡ ಇಪ್ಪತ್ತ ಅದಾವಲ್ಲ, ಏನ ಹೋಗೇತಿ, ಯಾಕ ಬಾಯಿ ಮಾಡ್ತಿ ಅಂತಾರು.’

ಭಾನುವಾರ ಒಬ್ಬಳೇ ಬಸ್ಸು ಹಿಡಿದು ಹೋದೆ. ಡ್ರೋನ್ ಒಯ್ಯಲಿಲ್ಲ. ಮಧ್ಯಾಹ್ನ ಬೇಲಿಯ ಕಿಂಡಿಯ ಬಳಿ, ಅತ್ತಿಯಿಂದ ಎರಡು ಹೆಜ್ಜೆ ದೂರದಲ್ಲಿ ನಿಂತು, ಅವಳ ಎಡಗೈಯ ಮೇಲೆ ಕಣ್ಣಿಟ್ಟು ನೋಡಿದೆ. ಕೈ ಇಳಿಯಿತು, ಎದ್ದಿತು, ಇಳಿಯಿತು. ಸುಮಾರು ಅರ್ಧ ದಾಟಿದ ಮೇಲೆ ಒಂದು ಕುರಿ ಬಂತು. ಅದರಲ್ಲಿ ವಿಶೇಷವೇನೂ ಇರಲಿಲ್ಲ. ಕುಂಟಿರಲಿಲ್ಲ, ಮುದಿಯಾಗಿರಲಿಲ್ಲ, ಹೊಟ್ಟೆ ತುಂಬ ಮೇದು ದುಂಡಗಿತ್ತು. ಕೈ ಅದರ ಬೆನ್ನಿನ ತನಕ ಬಂದು, ಉಣ್ಣೆಗೆ ತಾಗುವಷ್ಟರಲ್ಲಿ ನಿಂತು, ಹಿಂದೆ ಹೋಯಿತು. ಅತ್ತಿಯ ಕಣ್ಣು ಆ ಹೊತ್ತಿಗೆ ಬೇರೆ ಕಡೆ ಇತ್ತು. ಕುರಿ ಕಿಂಡಿ ದಾಟಿ, ಒಮ್ಮೆ ತಿರುಗಿ ನೋಡಿ, ನೀರಿನ ಕಡೆ ನಡೆಯಿತು.

‘ಒಂದ ಕಡಿಮಿ ಎರಡ ಇಪ್ಪತ್ತ’ ಎಂದಳು ಅತ್ತಿ.

ನಾನು ನನ್ನಷ್ಟಕ್ಕೆ ಎಣಿಸಿದ್ದೆ. ನಲವತ್ತಿದ್ದವು. ಹೋದದ್ದರ ಜಾಗಕ್ಕೆ ಆಗಲೇ ಇನ್ನೊಂದು ಬಂದಿತ್ತು.

ಅವಳು ಬದುವಿನ ಮೇಲೆ ಕೂತು ಕಾಲು ಚಾಚಿದಳು. ನಾನೂ ಪಕ್ಕದಲ್ಲಿ ಕೂತೆ. ನನ್ನ ಹೆಗಲ ಮೇಲಿನ ಹುಲ್ಲುಕಡ್ಡಿ ತೆಗೆದಳು. ಬಡವಾಗಿದ್ದೀ, ಹೊತ್ತಿಗೆ ಸರಿಯಾಗಿ ಉಣ್ಣುವುದಿಲ್ಲವೇ ಎಂದು ಕೇಳಿದಳು. ನೀರಿನ ಹತ್ತಿರ ಗುಂಪಿನಿಂದ ಒಂದು ಕುರಿ ಬೇರಾಗಿ ಕಾಡಿನ ಅಂಚಿಗೆ ಮೇಯುತ್ತ ಹೋಗುತ್ತಿತ್ತು. ಅದು ಕಿಂಡಿಯಲ್ಲಿ ನಾನು ನೋಡಿದ್ದೇ ಎಂದು ಹೇಳಲಾರೆ. ನಾನು ಕಣ್ಣು ತೆಗೆದು ಅತ್ತಿಯ ಮುಖ ನೋಡಿದೆ, ಕೇಳಿದೆ. ಅವಳು ಕೇಳಿಸಿಕೊಂಡಳು, ಅದು ನನಗೆ ಖಚಿತ. ಯಾಕೆಂದರೆ ಹೆಗಲ ಮೇಲಿದ್ದ ಅವಳ ಕೈ ಅಲ್ಲೇ ನಿಂತಿತು, ಎತ್ತಲೂ ಇಲ್ಲ, ಊರಲೂ ಇಲ್ಲ. ಬಸ್ಸಿನ ಹೊತ್ತಾಗುವ ತನಕ ಕಾದೆ. ಅದಾದ ಮೇಲೆ ಎರಡು ಸಲ ಹೋಗಿ ಬಂದಿದ್ದೇನೆ, ಫೋನಿನಲ್ಲಿ ಮಾತಾಡಿದ್ದೇನೆ, ಅವಳು ಮಳೆಯ ವಿಷಯ ಹೇಳುತ್ತಾಳೆ, ಮರಿಗಳ ವಿಷಯ ಹೇಳುತ್ತಾಳೆ. ನಾನು ಅಂದು ಕೇಳಿದ್ದು ಇಷ್ಟೇ:

‘ಅತ್ತಿ, ಹೊಸ್ತಿಲದಾಗ ನಿಂತ ನಮ್ಮನ್ನ ಎಣಸುವಾಗ ನೀ ಯಾರನ್ನ ಬಿಡತಿದ್ದಿ?’